ಕೊಟ್ಟಿಗೆ ಗೋಡೆಯ ಮೇಲಿನ ಬೆಳಕು

ಅಮೆರಿಕದ ವರ್ಮಾಂಟ್ ರಾಜ್ಯದ ನಮ್ಮೂರಿನ ನಕ್ಷತ್ರಗಳನ್ನು ಉಳಿಸುವ ಹೊಣೆ ನನ್ನೊಬ್ಬನ ಹೆಗಲ ಮೇಲೆ ಬಿದ್ದಿದೆ ಎಂದು ಫೆಬ್ರವರಿಯಲ್ಲೇ ತೀರ್ಮಾನಿಸಿದ್ದೆ. ನಕ್ಷತ್ರಗಳ ವೈರಿ ಪಕ್ಕದ ಮನೆಯ ರಾಯ್ಸ್ ಟ್ಯಾಟ್ರೊ. ರಾತ್ರಿ ನಾನು ಹಿಂಬಾಗಿಲು ತೆರೆದಾಗಲೆಲ್ಲ ಅವನ ಕೊಟ್ಟಿಗೆಯ ಬಿಳಿ ಗೋಡೆ ಝಗ್ಗನೆ ಹೊಳೆದು ನಕ್ಷತ್ರಗಳನ್ನೇ ನುಂಗಿಹಾಕುತ್ತಿತ್ತು. ಕೇಳಿದರೆ, "ನಾನು ಎಂಟಕ್ಕೇ ದೀಪ ಆರಿಸಿ ಮಲಗ್ತೀನಪ್ಪ" ಅನ್ನುತ್ತಾನೆ. ಎಂಥ ಸುಳ್ಳ!

ಮಾರ್ಚ್ ತಿಂಗಳ ಊರ ಸಭೆಯಲ್ಲಿ ಯಾರು ಬೇಕಾದರೂ ನಿರ್ಣಯ ತರಬಹುದು, ಊರೆಲ್ಲ ಕೈ ಎತ್ತಿ ತೀರ್ಮಾನಿಸುತ್ತದೆ. "ಆಕಾಶ ಕೆಡಿಸುವ ದೀಪವನ್ನು ಕೂಡಲೇ ಕಿತ್ತುಹಾಕತಕ್ಕದ್ದು" ಎಂದು ಬರೆದುಕೊಟ್ಟೆ. ಸಾಕ್ಷಿಗೆಂದು ನನ್ನ ಹಳೆಯ ಪುಟ್ಟ ಕ್ಯಾಮೆರಾವನ್ನು ಅಂಗಳದ ತುದಿಯ ಬೇಲಿಗೂಟಕ್ಕೆ ಬಿಗಿದೆ. ಒಂದು ಕಡೆ ನಮ್ಮ ಹಿಂಬಾಗಿಲು, ಇನ್ನೊಂದು ಕಡೆ ಅವನ ಕೊಟ್ಟಿಗೆ, ಮೇಲೆ ಆಕಾಶ. ಅರ್ಧ ನಿಮಿಷಕ್ಕೊಂದು ಚಿತ್ರ, ಇಡೀ ರಾತ್ರಿ. ಎಲ್ಲ ಜೋಡಿಸಿ ವಿಡಿಯೊ ಮಾಡಿದರೆ ನಕ್ಷತ್ರಗಳು ಓಡಬೇಕು. ಕಾಲು ಗಂಟೆಗೊಮ್ಮೆ ಬಾಗಿಲು ತೆರೆದು ನೋಡಿದೆ. ಪ್ರತಿ ಸಲವೂ ಆ ದರಿದ್ರ ಗೋಡೆ ಬೆಳಗುತ್ತಿತ್ತು. ಮುಷ್ಟಿ ತೋರಿಸಿ, ಮನಸಾರೆ ಬೈದು ಬಂದೆ.

ಚಿತ್ರಗಳನ್ನು ಜೋಡಿಸಿದ್ದು ಹೆಂಡತಿ ಲೂಸಿಲ್.

"ಆರಿನ್, ಸಭೆಗೆ ಮುಂಚೆ ಒಂದ್ಸಲ ನೀನೂ ನೋಡ್ಬಿಡೋ."

"ಮೊದಲ ಪ್ರದರ್ಶನ ಊರಿಗೆ ಕಣೇ."

"ಅಲ್ವೋ ಮಾರಾಯ, ಆ ಬಾಗಿಲ ಮೇಲಿರೋ..."

"ಅವನ ಪರ ವಹಿಸ್ಬೇಡ!"

"ನಿನ್ನಿಷ್ಟ."

ಸಭೆಯಲ್ಲಿ ಹತ್ತು ನಿಮಿಷ ಗುಡುಗಿದೆ. ಆಮೇಲೆ ಪರದೆಯ ಮೇಲೆ ನಕ್ಷತ್ರಗಳು ತೇಲತೊಡಗಿದವು. ರಾಯ್ಸ್‌ನ ಕೊಟ್ಟಿಗೆ ಕತ್ತಲಲ್ಲಿ ತೆಪ್ಪಗಿತ್ತು. ಅಷ್ಟರಲ್ಲಿ ನಮ್ಮ ಹಿಂಬಾಗಿಲು ತೆರೆಯಿತು. ಅದರ ಮೇಲೆ, ಕರಡಿ ಕಾಟಕ್ಕೆಂದು ನಾನೇ ಹಾಕಿಸಿದ್ದ, ಯಾರು ಅಲುಗಾಡಿದರೂ ತಾನಾಗಿ ಹೊತ್ತಿಕೊಳ್ಳುವ ದೀಪ ಧಗ್ಗನೆ ಉರಿಯಿತು. ಎದುರಿನ ಬಿಳಿ ಗೋಡೆ ಬೆಳಗಿತು. ಉಣ್ಣೆಯ ಒಳಉಡುಪಿನಲ್ಲಿ ನಿಂತು ನಾನು ಅದಕ್ಕೆ ಮುಷ್ಟಿ ತೋರಿಸುತ್ತಿದ್ದೆ. ಬಾಗಿಲು ಮುಚ್ಚಿತು, ಕತ್ತಲಾಯಿತು. ಮತ್ತೆ ತೆರೆಯಿತು, ಮತ್ತೆ ಮುಷ್ಟಿ. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಈಗಲೂ ಹೇಳುತ್ತೇನೆ, ಗೋಡೆಗೆ ಅಷ್ಟೊಂದು ಬಿಳಿ ಬಣ್ಣ ಬಳಿದವನದೇ ತಪ್ಪು.

ನಿರ್ಣಯದ ಪರವಾಗಿ ಊರೆಲ್ಲ ಕೈ ಎತ್ತಿತು. "ನಿನ್ನ ದೀಪ ಕೀಳೋಕೆ ಏಣಿ ನಾನು ತರ್ತೀನಿ" ಎಂದ ರಾಯ್ಸ್.

"ವಿರೋಧ ಇರೋರು?" ಎಂದು ಅಧ್ಯಕ್ಷೆ ಕೇಳಿದಳು.

ನಾನೊಬ್ಬನೇ ಕೈ ಎತ್ತಿದೆ.

"ಇಳಿಸೋ" ಎಂದಳು ಲೂಸಿಲ್. "ನೀನು ಕೈ ಎತ್ತಿದ್ದನ್ನ ಊರು ಆಗಲೇ ಇಪ್ಪತ್ತೆರಡು ಸಲ ನೋಡಾಯ್ತು."