ಎಪ್ಪತ್ತು ಕಿಲೋ ದೇವದೂತ

ಮರಳಿನ ಚೀಲವೊಂದರ ಮೇಲೆ ಯಾರೋ ಸೀಮೆಸುಣ್ಣದಲ್ಲಿ ‘೭೦’ ಎಂದು ಬರೆದಿದ್ದರು. ಅಷ್ಟೇ. ಈ ಎರಡು ಅಂಕೆ ಒಬ್ಬ ಸಂಭಾವಿತ ಗೃಹಸ್ಥನ ಇಡೀ ದಿನವನ್ನು ಹಾಳುಮಾಡುತ್ತವೆ ಎಂದು ಬರೆದವರಿಗೆ ತಾನೇ ಹೇಗೆ ಗೊತ್ತಿರಬೇಕು?

ಆ ಗೃಹಸ್ಥನನ್ನು ನಾಟಕದ ತಂಡದವರೆಲ್ಲ ಈಟಿಯಣ್ಣ ಎಂದು ಕರೆಯುತ್ತಿದ್ದರು. ಹನ್ನೆರಡು ವರ್ಷಗಳಿಂದ ಆ ರಂಗಮಂದಿರದಲ್ಲಿ ರಾಜನ ಬಾಗಿಲಿಗೆ ಈಟಿ ಹಿಡಿದು ನಿಂತವನು ಅವನು. ರಾಜರು ಬದಲಾದರು, ರಾಣಿಯರು ಬದಲಾದರು, ಈಟಿಗೆ ಎರಡು ಸಲ ಬಣ್ಣ ಬಳಿದದ್ದಾಯಿತು. ಅವನ ಬಾಯಿಂದ ಮಾತ್ರ ಒಂದೇ ಒಂದು ಮಾತು ಹೊರಬಿದ್ದಿರಲಿಲ್ಲ. ನಾಟಕದಲ್ಲಿ ಬರೆದಿದ್ದರೆ ತಾನೇ ಆಡುವುದು? ಒಮ್ಮೆ ರಾಜ ಸಾಯುವ ಹೊತ್ತಿಗೆ ಸರಿಯಾಗಿ ಅವನಿಗೆ ಸೀನು ಬಂದು ಸಭೆಯೆಲ್ಲ ನಕ್ಕಿತ್ತು. ಅವನ ಕಲಾಜೀವನದಲ್ಲಿ ಹೇಳಿಕೊಳ್ಳುವಂಥದ್ದು ಅದೊಂದೇ.

ಹೀಗಿರುವಾಗ ದೇವದೂತನ ಪಾತ್ರದವನು ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡ. ನಿರ್ದೇಶಕರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವರು ಸುತ್ತ ಒಮ್ಮೆ ನೋಡಿ, ಈಟಿಯಣ್ಣನ ಮೇಲೆ ಬೆರಳು ತೋರಿಸಿದರು. ಬೆನ್ನಿಗೆ ರೆಕ್ಕೆ, ಸೊಂಟಕ್ಕೆ ಪಟ್ಟಿ, ಪಟ್ಟಿಗೆ ಹಗ್ಗ. ಮೇಲಿನ ರಾಟೆ ಹಾದುಬಂದ ಆ ಹಗ್ಗದ ಇನ್ನೊಂದು ತುದಿಗೆ ಪರದೆಯ ಹಿಂದೆ ಮರಳಿನ ಚೀಲ. ದೂತ ಎರಡಾಳೆತ್ತರ ತೇಲಿಹೋಗಿ, “ರಾಜಾ, ಯುದ್ಧ ನಿಲ್ಲಿಸು!” ಎಂದು ಹೇಳಿ ಇಳಿಯಬೇಕು.

ಮೂರು ಪದ! ಈಟಿಯಣ್ಣ ಅವನ್ನು ಮನೆಯ ಮೂರು ಕೋಣೆಯಲ್ಲೂ ಹೇಳಿ ಅಭ್ಯಾಸ ಮಾಡಿದ. ಎಂಟು ವರ್ಷದ ಮಗಳು ಶಾಲೆಯಲ್ಲೆಲ್ಲ ಡಂಗುರ ಸಾರಿದಳು: “ನಮ್ಮಪ್ಪ ಹಾರ್ತಾರೆ. ಮಾತೂ ಆಡ್ತಾರೆ!” ನಂಬದ ಏಳು ಗೆಳತಿಯರನ್ನು ಸಂಜೆ ಏಳರ ಮೊದಲ ಪ್ರದರ್ಶನಕ್ಕೆ ಕರೆದುಕೊಂಡು ಬರುವುದೆಂದು ತೀರ್ಮಾನವಾಗಿತ್ತು. ಮುಂದಿನ ಸಾಲಿನಲ್ಲೇ ಅವರಿಗೆ ಜಾಗ.

ಪ್ರದರ್ಶನದ ದಿನ ಬೆಳಿಗ್ಗೆ ಒಂಬತ್ತಕ್ಕೆ ಮೇಷ್ಟ್ರು ಪರದೆಯ ಹಿಂದೆ ಹೋಗಿ ಚೀಲ ನೋಡಿದರು. ನೋಡಿದವರೇ ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

“ಲೋ ಈಟಿ! ಬಾರೋ ಇಲ್ಲಿ. ಇಲ್ಲಿ ಎಪ್ಪತ್ತು ಅಂತ ಬರೆದಿದೆ. ಎಪ್ಪತ್ತು ಕಿಲೋಗಿಂತ ಜಾಸ್ತಿ ಇದ್ರೆ ಹಗ್ಗ ತಡೆಯಲ್ಲ ಅಂತ ಅರ್ಥ. ನೀನು ಎಷ್ಟಿದ್ದೀಯ?”

ಈಟಿಯಣ್ಣನಿಗೆ ಗೊತ್ತಿರಲಿಲ್ಲ. ಹನ್ನೆರಡು ವರ್ಷದಲ್ಲಿ ಅವನ ತೂಕ ಯಾರಿಗೂ ಬೇಕಾಗಿರಲಿಲ್ಲ. ರೆಕ್ಕೆ, ಬೂಟು ಎಲ್ಲ ತೊಡಿಸಿ ಅವನನ್ನು ಸಾಮಾನು ತೂಗುವ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳು ಎಪ್ಪತ್ತೆರಡಕ್ಕೆ ಹೋಗಿ ನಿಂತಿತು.

“ಎರಡು ಕಿಲೋ ಜಾಸ್ತಿ,” ಎಂದರು ಮೇಷ್ಟ್ರು. “ಸಂಜೆ ಆರೂವರೆಗೆ ಮತ್ತೆ ತೂಗ್ತೀನಿ. ಎಪ್ಪತ್ತಕ್ಕೆ ಇಳಿದಿದ್ರೆ ಸರಿ. ಇಲ್ಲಾಂದ್ರೆ ಕಡ್ಡಿ ಹಾರ್ತಾನೆ, ನೀನು ಈಟಿ ಹಿಡ್ಕೋ.”

ಕಡ್ಡಿ ಎಂದರೆ ಪರದೆ ಎಳೆಯುವವನು. ಅವನು ಐವತ್ತೆರಡು ಕಿಲೋ. ಆಗಲೇ ಅವನು ರೆಕ್ಕೆಯ ಕಡೆ ನೋಡಿ ತಲೆ ಬಾಚಿಕೊಳ್ಳತೊಡಗಿದ್ದ.

ಈಟಿಯಣ್ಣ ಬಣ್ಣದ ಕೋಣೆಗೆ ಬಂದು ತಲೆಯ ಮೇಲೆ ಕೈ ಹೊತ್ತು ಕೂತ. ಸುದ್ದಿ ಅವನಿಗಿಂತ ಮುಂಚೆಯೇ ಅಲ್ಲಿಗೆ ಬಂದಿತ್ತು. ಮೇಕಪ್ ಮಾಡುವ ಅಕ್ಕ ಐದು ವರ್ಷದಿಂದ ಡಯಟ್ ಮಾಡುತ್ತಿದ್ದಳು. ಅದರಿಂದ ಅವಳ ಗಾತ್ರದಲ್ಲಿ ಏನೂ ವ್ಯತ್ಯಾಸವಾಗಿರಲಿಲ್ಲ, ಜ್ಞಾನ ಮಾತ್ರ ಬೆಳೆದಿತ್ತು.

“ಅಳ್ತೀರಾ ಯಾಕೆ ಅಣ್ಣಾ? ಉಪವಾಸ ಮಾತ್ರ ಇರ್ಬೇಡಿ. ಉಪವಾಸ ಇದ್ರೆ ಮೈ ಹೆದರಿಕೊಂಡು ಕೊಬ್ಬನ್ನ ಬಿಗಿಯಾಗಿ ಹಿಡ್ಕೊಂಡು ಬಿಡುತ್ತೆ. ಕ್ಯಾಲರಿ ಇಲ್ಲದ್ದನ್ನ ತಿನ್ಬೇಕು. ನಂದು ಸೌತೆಕಾಯಿ. ಅದ್ರಲ್ಲಿ ಏನಿದೆ ಹೇಳಿ? ಬರೀ ನೀರು. ಎಷ್ಟು ಬೇಕಾದ್ರೂ ತಿನ್ನಿ!”

ಮೈ ಹೀಗೂ ಹೆದರಿಕೊಳ್ಳುತ್ತದೆಯೆಂದು ಕೇಳಿ ಈಟಿಯಣ್ಣ ಬೆಚ್ಚಿಬಿದ್ದ. ಅಕ್ಕ ಕೊಟ್ಟ ನಾಲ್ಕು ಸೌತೆಕಾಯಿಗಳನ್ನು ಸಿಪ್ಪೆ ಸಮೇತ ತಿಂದ.

ಉಡುಪು ಹೊಲಿಯುವ ದರ್ಜಿಯಮ್ಮನಿಗೆ ಇದು ಸರಿಬೀಳಲಿಲ್ಲ. “ಸೌತೆಕಾಯಂತೆ! ಕ್ಯಾಲರಿ ಕಮ್ಮಿ ಅಂದ್ರೆ ಎಲೆಕೋಸಿನ ತಿಳಿ ಸೂಪು. ಎಣ್ಣೆ ಇಲ್ಲ, ಬೆಣ್ಣೆ ಇಲ್ಲ. ಕುಡಿದಷ್ಟೂ ಕರಗುತ್ತೆ. ನನ್ನ ತಂಗಿ ಕುಡಿದು ಕುಡಿದು ಗುರುತೇ ಸಿಗದ ಹಾಗಾದ್ಳು,” ಎಂದು ದೊಡ್ಡ ಫ್ಲಾಸ್ಕು ಬಿಚ್ಚಿದಳು.

“ಏನಮ್ಮಾ, ಎಲೆಕೋಸಲ್ಲಿ ಸೌತೆಕಾಯಿಗಿಂತ ಕ್ಯಾಲರಿ ಜಾಸ್ತಿ!” ಎಂದಳು ಅಕ್ಕ.

“ಯಾರು ಹೇಳಿದ್ದು? ಈಟಿಯಣ್ಣ, ನೀವು ಕುಡೀರಿ. ಸಂಜೆ ಗೊತ್ತಾಗುತ್ತೆ ಯಾರ ಮಾತು ಸರಿ ಅಂತ.”

ಇಬ್ಬರು ಹೆಂಗಸರ ನಡುವೆ ಸಿಕ್ಕಿಬಿದ್ದ ಗಂಡಸು ಏನು ಮಾಡಬಹುದೋ ಅದನ್ನೇ ಈಟಿಯಣ್ಣನೂ ಮಾಡಿದ. ಅಕ್ಕನ ಸಮಾಧಾನಕ್ಕೆ ಇನ್ನೆರಡು ಸೌತೆಕಾಯಿ ತಿಂದ, ದರ್ಜಿಯಮ್ಮನ ಸಮಾಧಾನಕ್ಕೆ ಫ್ಲಾಸ್ಕು ಬರಿದು ಮಾಡಿದ.

ರಂಗಕ್ಕೆ ದೀಪ ಬಿಡುವವನು ಏಣಿಯಿಂದ ಇಳಿದು ಬಂದ. “ಅಣ್ಣಾ, ತಿನ್ನೋದೆಲ್ಲ ಹಳೇ ಕಾಲ. ಹಾಲು ಸಕ್ಕರೆ ಇಲ್ಲದ ಕಪ್ಪು ಕಾಫಿ. ಮೇಲೊಂದು ಬಾಟಲಿ ಬರೀ ಸೋಡಾ. ಸೋಡಾದಲ್ಲಿ ಕ್ಯಾಲರಿ ಸೊನ್ನೆ! ಗಾಳಿ ಅಣ್ಣಾ, ಗಾಳಿ. ಗಾಳಿ ಕುಡಿದೋನು ಮೇಲೆ ಹೋಗ್ದೆ ಇನ್ನೇನು?”

ಈ ತರ್ಕ ಈಟಿಯಣ್ಣನಿಗೆ ಬಹಳ ಹಿಡಿಸಿತು. ಮೂರು ಲೋಟ ಕಾಫಿ, ನಾಲ್ಕು ಬಾಟಲಿ ಸೋಡಾ ಒಳಗೆ ಹೋದವು.

ಮಧ್ಯಾಹ್ನ ಒಂದಕ್ಕೆ ಹೆಂಡತಿ ಡಬ್ಬಿ ಹಿಡಿದು ಬಂದಳು. ಯಾರೋ ಫೋನು ಮಾಡಿ ತಿಳಿಸಿದ್ದರು. ಡಬ್ಬಿಯಲ್ಲಿ ಅನ್ನವಿಲ್ಲ, ಪಲ್ಯವಿಲ್ಲ, ತುಂಬ ಕಲ್ಲಂಗಡಿ ಹೋಳುಗಳು.

“ಡಾಕ್ಟರಮ್ಮನ್ನ ಕೇಳ್ಕೊಂಡೇ ಬಂದಿದೀನಿ. ಕಲ್ಲಂಗಡೀಲಿ ಕ್ಯಾಲರಿ ಇಲ್ಲವೇ ಇಲ್ಲ ಅನ್ನೋ ಹಾಗಂತೆ. ಪೂರ್ತಿ ತಿನ್ನಿ. ನಿಮ್ಮ ಮಗಳು ಆ ಏಳು ಜನರ ಮುಂದೆ ತಲೆ ತಗ್ಗಿಸೋ ಹಾಗೆ ಮಾಡ್ಬೇಡಿ.”

ಅವನು ಪೂರ್ತಿ ತಿಂದ. ಕೊನೆಯ ಹೋಳಿಗೆ ಗಂಟಲಲ್ಲಿ ಜಾಗವಿರಲಿಲ್ಲ. ಆದರೂ ಮಗಳ ಮುಖ ನೆನೆದು ನೂಕಿದ. ಹೊಟ್ಟೆಯಲ್ಲಿ ಕೊಡ ತುಳುಕಿದ ಸದ್ದು ಕೇಳುತ್ತಿತ್ತು. ಆದರೇನು, ಎಲ್ಲ ಸೇರಿ ಕ್ಯಾಲರಿ ಇಲ್ಲವಲ್ಲ! ಬೆಳಗ್ಗಿನಿಂದ ತಾನು ತಿಂದದ್ದೆಲ್ಲ ಲೆಕ್ಕಕ್ಕೇ ಬಾರದ್ದು, ಆದ್ದರಿಂದ ಈಗಾಗಲೇ ಅರವತ್ತೊಂಬತ್ತಕ್ಕೆ ಬಂದಿರಬೇಕು ಎಂದು ಅವನಿಗೆ ಒಳಗೊಳಗೇ ಖುಷಿ. ಮೂರು ಗಂಟೆಗೆ ಎಲ್ಲರನ್ನೂ ಕರೆದು, ರೆಕ್ಕೆ ತೊಟ್ಟು, ಗಂಭೀರವಾಗಿ ಯಂತ್ರ ಹತ್ತಿದ.

ಮುಳ್ಳು ಎಪ್ಪತ್ತು ದಾಟಿತು. ಎಪ್ಪತ್ತೆರಡು ದಾಟಿತು. ಕೊಂಚ ನಡುಗಿ ಎಪ್ಪತ್ತಾರಕ್ಕೆ ನಿಂತಿತು.

ಈಟಿಯಣ್ಣ ಇಳಿದು ಮತ್ತೆ ಹತ್ತಿದ. ಎಪ್ಪತ್ತಾರು. ಒಂದು ಕಾಲು ಎತ್ತಿ ನೋಡಿದ. ಎಪ್ಪತ್ತಾರು. ಕೊನೆಗೆ ಅದೇ ಯಂತ್ರದ ಮೇಲೆ ಕುಸಿದು ಕೂತ. ಆಗಲೂ ಎಪ್ಪತ್ತಾರೇ.

“ಯಂತ್ರ ಕೆಟ್ಟಿದೆ!” ಎಂದಳು ಅಕ್ಕ.

“ಸೌತೆಕಾಯಿ ಕೆಟ್ಟಿತ್ತು,” ಎಂದಳು ದರ್ಜಿಯಮ್ಮ.

ಪರದೆಯ ಹಗ್ಗ ಹಿಡಿದು ನಿಂತಿದ್ದ ಕಡ್ಡಿ ಮೆಲ್ಲಗೆ ಬಾಯಿಬಿಟ್ಟ. “ಅಲ್ಲಾ... ಕ್ಯಾಲರಿ ಇಲ್ದಿದ್ರೂ ನೀರಿಗೆ ತೂಕ ಇರುತ್ತಲ್ವಾ ಅಣ್ಣಾ?”

ಬೆಳಗ್ಗಿನಿಂದ ಈ ವಿಚಾರ ಒಬ್ಬರಿಗೂ ಹೊಳೆದಿರಲಿಲ್ಲ. ಎಲ್ಲರೂ ಕಣ್ಣು ಬಾಯಿ ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಲಿನ ಅಟ್ಟದ ಮೇಲೆ ಕೂತು ಹಗ್ಗ ನೋಡಿಕೊಳ್ಳುವ ಹಗ್ಗದ ತಾತ ಮಾತ್ರ ಕೆಳಗೆ ಬಗ್ಗಿ, ಯಂತ್ರದ ಮುಳ್ಳು ನೋಡಿ, ಕಿವಿ ಕೆರೆದುಕೊಂಡು ಒಳಗೆ ಸರಿದ. ಮೂವತ್ತು ವರ್ಷದಿಂದ ಆ ಮುದುಕ ಕೇಳಿದ್ದಕ್ಕೆ ಬಿಟ್ಟರೆ ಬಾಯಿ ತೆರೆದವನಲ್ಲ. ಅವನನ್ನು ಮಾತಾಡಿಸುವ ಪುರುಸೊತ್ತು ಆ ದಿನ ಯಾರಿಗೂ ಇರಲಿಲ್ಲ.

ಮುಂದಿನ ಮೂರೂವರೆ ಗಂಟೆಯನ್ನು ವಿವರವಾಗಿ ಬರೆಯುವುದು ಸಭ್ಯತೆಯಲ್ಲ. ಸೌತೆಕಾಯಿ, ಕಲ್ಲಂಗಡಿ, ಕಪ್ಪು ಕಾಫಿ ಮೂರೂ ಒಂದೇ ಬಾಗಿಲಿನಿಂದ ಹೊರಡಲು ಅವಸರ ಮಾಡಿದವು. ಈಟಿಯಣ್ಣ ಹಿಂದಿನ ಓಣಿಯಲ್ಲಿದ್ದ ಶೌಚಾಲಯಕ್ಕೆ ಹದಿಮೂರು ಸಲ ಓಡಿದ. ನಡುನಡುವೆ ದೀಪದವನು ಅವನಿಗೆ ಎರಡು ಕಂಬಳಿ ಹೊದಿಸಿ ಗ್ಯಾಲರಿಯ ಮೆಟ್ಟಿಲು ಹತ್ತಿಸಿ ಇಳಿಸಿದ. “ಹತ್ತಿ ಅಣ್ಣಾ, ಸೋಡಾ ನನ್ದೇ ತಪ್ಪು, ಹತ್ತಿ!” ದರ್ಜಿಯಮ್ಮ ಕಣ್ಣೊರೆಸಿಕೊಳ್ಳುತ್ತ ದೇವದೂತನ ಉಡುಪಿನ ಅಸ್ತರಿ ಬಿಚ್ಚಿದಳು, ರೆಕ್ಕೆಯ ತಂತಿ ಕಿತ್ತು ರಟ್ಟು ಹಾಕಿದಳು, ಬೂಟಿನ ಬದಲು ಕಾಗದದ ಚಪ್ಪಲಿ ಮಾಡಿದಳು. ಬಟ್ಟೆಯಿಂದಲೇ ಎರಡು ಕಿಲೋ ಇಳಿಯಿತು. ಅಕ್ಕ ಅವನ ಮೀಸೆ ಬೋಳಿಸಿದಳು. ಮೀಸೆ ಎಷ್ಟು ತೂಗುತ್ತದೆಂದು ಯಾರೂ ಕೇಳಲಿಲ್ಲ.

ಆರೂವರೆಗೆ ಮೇಷ್ಟ್ರು ಬಂದಾಗ ಈಟಿಯಣ್ಣ ಒಣಗಲು ಹಾಕಿದ ಬಟ್ಟೆಯ ಹಾಗಿದ್ದ. ಕಣ್ಣು ಮುಚ್ಚಿಕೊಂಡು ಯಂತ್ರ ಹತ್ತಿದ.

“ಎಪ್ಪತ್ತು!” ಎಂದರು ಮೇಷ್ಟ್ರು. “ಸರಿಯಾಗಿ ಎಪ್ಪತ್ತು! ಭಲೇ!”

ಕಡ್ಡಿ ಬಾಚಿದ ತಲೆಯನ್ನು ಕೆದರಿಕೊಂಡು ಹೋದ. ಅಕ್ಕ, ದರ್ಜಿಯಮ್ಮ ಅಪ್ಪಿಕೊಂಡು ಅತ್ತರು. ಈಟಿಯಣ್ಣನಿಗೂ ಅಳು ಬಂತು. ಆದರೆ ಕಣ್ಣಲ್ಲಿ ನೀರು ಉಳಿದಿರಲಿಲ್ಲ.

ನಾಟಕ ಶುರುವಾಯಿತು. ಮೂರನೆಯ ದೃಶ್ಯ. ರಾಜ ಕತ್ತಿ ಎತ್ತಿ, “ಯುದ್ಧ! ಯುದ್ಧ!” ಎಂದು ಕೂಗುತ್ತಿದ್ದ. ಈಟಿಯಣ್ಣ ರಂಗದ ನಡುವೆ ಬಂದು ನಿಂತ. ಮುಂದಿನ ಸಾಲಿನಲ್ಲಿ ಮಗಳು, ಅವಳ ಅಕ್ಕಪಕ್ಕ ಏಳು ಜೊತೆ ಅಪನಂಬಿಕೆಯ ಕಣ್ಣು. ಅವನು ಎದೆ ತುಂಬ ಉಸಿರೆಳೆದುಕೊಂಡು “ರಾ...” ಎಂದ. ಅಟ್ಟದ ಮೇಲೆ ಹಗ್ಗದ ತಾತ ಕೊಂಡಿ ಬಿಚ್ಚಿದ.

ತೇಲಬೇಕಾಗಿದ್ದ ದೇವದೂತ ಬಾವಿಯಿಂದ ಸೇದಿದ ಖಾಲಿ ಬಿಂದಿಗೆಯಂತೆ ಸರ್ರನೆ ಮೇಲಕ್ಕೆ ಹಾರಿದ. ಎರಡಾಳೆತ್ತರ ದಾಟಿದ, ಅರಮನೆಯ ಗೋಪುರ ದಾಟಿದ. ಬಟ್ಟೆಯ ಮೋಡವನ್ನು ತಲೆಯಿಂದ ಹರಿದುಕೊಂಡು ಹೋಗಿ ಮಾಡಿನ ತೊಲೆಗೆ ಧಡ್ಡೆಂದು ತಾಗಿ ನಿಂತ. ಸಭೆಗೆ ಕಾಣುತ್ತಿದ್ದದ್ದು ಮೋಡದಿಂದ ಇಳಿಬಿದ್ದ ಎರಡು ಕಾಲು ಮಾತ್ರ. ಅದರಲ್ಲಿ ಒಂದರ ಕಾಗದದ ಚಪ್ಪಲಿ ಕಳಚಿ, ಗಿರಗಿರ ತಿರುಗಿ, ರಾಜನ ಮೂಗಿನ ಮೇಲೆ ಬಿತ್ತು. ರಾಜನ ಪಾತ್ರದವನಿಗೆ ನಿಜವಾಗಿಯೂ ಗಾಬರಿಯಾಯಿತು. ಕತ್ತಿ ಕೈಜಾರಿ ಬಿತ್ತು, ಅವನು ಮಂಡಿಯೂರಿ ಕೂತುಬಿಟ್ಟ. ಆಮೇಲೆ ಚಪ್ಪಾಳೆ ಮಾಡು ಹಾರಿಹೋಗುವಂತೆ ಮೊಳಗಿತು. ಈಟಿಯಣ್ಣ ಮೇಲಿನಿಂದ “ಇಳಿಸ್ರೋ!” ಎಂದು ಅರಚಿದ್ದು ಆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಪಕ್ಕದ ಅಟ್ಟದಿಂದ ಹಗ್ಗದ ತಾತ ಅವನನ್ನು ಕಣ್ಣರಳಿಸಿ ನೋಡಿದ.

“ಏನಪ್ಪಾ ಇದು? ಮೂರು ಗಂಟೆಗೆ ಎಪ್ಪತ್ತಾರು ಇದ್ದೆ. ಪಾಪ ಅಂತ ಆರು ಕಿಲೋ ಮರಳು ಜಾಸ್ತಿ ಹಾಕ್ದೆ. ನೀನ್ಯಾಕೆ ತೂಕ ಇಳಿಸ್ಕೊಂಡೆ?”

“ಮರಳು... ಜಾಸ್ತಿ ಹಾಕ್ಬಹುದಾ?”

“ಹಾಕ್ಬಹುದಾ ಅಂದ್ರೆ? ಆಳು ಎಷ್ಟೋ ಅಷ್ಟು ಮರಳು. ನೂರು ಕಿಲೋ ರಾಣೀನ ಹಾರ್ಸಿದೀನಿ ನಾನು. ಐದು ನಿಮಿಷದ ಕೆಲ್ಸ.”

“ಮತ್ತೆ ಆ ಎಪ್ಪತ್ತು?”

“ಹಿಂದಿನ ದೂತನ ತೂಕ. ಮರೆತುಹೋಗುತ್ತೆ ಅಂತ ಬರೆದಿಟ್ಕೊಂಡಿದ್ದೆ.”

“ಅಯ್ಯೋ ತಾತ! ಬೆಳಿಗ್ಗೇನೇ ಯಾಕೆ ಹೇಳ್ಲಿಲ್ಲ?”

“ಯಾರು ಕೇಳಿದ್ರು?” ಎಂದ ತಾತ.

ಈಟಿಯಣ್ಣ ತೊಲೆಗೆ ತಲೆ ಕೊಟ್ಟು ನೇತಾಡುತ್ತಲೇ ಇದ್ದ. ಪರದೆ ಬಿದ್ದ ಮೇಲೆ ತಾತ ಚೀಲದ ಮರಳು ಹೊರಗೆ ಸುರಿದು ಅವನನ್ನು ಇಳಿಸಿದ.

ಕೆಳಗೆ ಹೆಂಡತಿ, ಮಗಳು ಕಾಯುತ್ತಿದ್ದರು. ಮಗಳ ಕಣ್ಣು ಮಿನುಗುತ್ತಿತ್ತು. “ಅಪ್ಪಾ, ಎಷ್ಟು ಮೇಲೆ ಹೋದೆ! ಎಲ್ರೂ ನಂಬಿದ್ರು!” ಎಂದವಳು ಹಿಂದೆಯೇ, “ಆದ್ರೆ ನೀನು ಮಾತೇ ಆಡ್ಲಿಲ್ವಲ್ಲ?” ಎಂದಳು.

“ನಾಳೆ ಆಡ್ತೀನಿ ಪುಟ್ಟಿ,” ಎಂದ ಈಟಿಯಣ್ಣ. ನಾಳೆ ಹೊಟ್ಟೆ ತುಂಬ ಊಟ ಮಾಡಿ, ತಾತನಿಗೆ ತೂಕ ಹೇಳಿ, ಹಾಯಾಗಿ ತೇಲಿ ಮೂರು ಪದ ಹೇಳಿದರಾಯಿತು. ಬೆಳಗ್ಗಿನಿಂದ ಮೊದಲ ಸಲ ಅವನ ಜೀವಕ್ಕೆ ಸಮಾಧಾನವಾಯಿತು. ಹೆಂಡತಿ ಚೀಲದಿಂದ ಬೆಣ್ಣೆ ಹಚ್ಚಿದ ಬನ್ನು ತೆಗೆದು ಕೈಗಿಟ್ಟಳು. ಅವನು ಅದನ್ನು ಬಾಯಿಯ ಹತ್ತಿರ ತಂದ.

ಅಷ್ಟರಲ್ಲಿ ಮೇಷ್ಟ್ರು ಓಡಿಬಂದು ಅವನನ್ನು ಬಿಗಿದಪ್ಪಿಕೊಂಡರು.

“ಏನು ಹಾರಿದ್ಯೋ ಮಾರಾಯ! ಇಂಥ ದೃಶ್ಯ ನಾನು ಜನ್ಮದಲ್ಲಿ ಮಾಡಿಸಿಲ್ಲ. ತಾತ ಎಲ್ಲಾ ಹೇಳ್ದ. ಇನ್ಮೇಲೆ ಚೀಲದಲ್ಲಿ ಎಪ್ಪತ್ತಾರು, ನೀನು ಎಪ್ಪತ್ತು. ಒಂದು ಗ್ರಾಂ ಆಚೀಚೆ ಆಗ್ಕೂಡದು. ಮುಂದಿನ ತೊಂಬತ್ತು ಪ್ರದರ್ಶನಾನೂ ಹೀಗೇ!”

“ಮೇಷ್ಟ್ರೇ, ನನ್ನ ಮಾತು...”

“ಆ ಮಾತು ಯಾಕೋ? ಅದಿಲ್ದೇನೇ ರಾಜ ಯುದ್ಧ ನಿಲ್ಲಿಸಿದ. ತೆಗೆದುಹಾಕಿದೀನಿ.”

ಹೀಗೆನ್ನುತ್ತ ಮೇಷ್ಟ್ರು ಅವನ ಕೈಯಲ್ಲಿದ್ದ ಬನ್ನನ್ನು ಮೆಲ್ಲಗೆ ಬಿಡಿಸಿಕೊಂಡು, ತಾವೇ ಒಂದು ತುತ್ತು ಕಚ್ಚಿ, ಅಗಿಯುತ್ತ ಹೊರಟುಹೋದರು.