ಒಂದೂವರೆ ಮೀಟರ್ ಕಮ್ಮಿ

ಮಲಯಾಳ ಸೀಮೆಯ ಕಾಟ್ಟಿಕುಳಂನಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಶಿವನಂಜಪ್ಪನ ನೆಮ್ಮದಿ ಕೆಡಿಸಿದ್ದು ಪಂಚಾಯತಿ ಆಫೀಸಿನ ಗೋಡೆಗೆ ಅಂಟಿಸಿದ್ದ ಅರ್ಧ ಹಾಳೆ ಕಾಗದ. ಅವನ ಅಂಗಡಿ ಮುಂದಿನ ದಾರಿಯಲ್ಲಿ ಇಳಿದರೆ ಸಿಗುವ ಗದ್ದೆಬಯಲಿನಂಚಿಗೆ ನಲವತ್ತು ವಿಲ್ಲಾ ಬರುತ್ತವಂತೆ. ಅಷ್ಟು ಮನೆಗಳಿಗೆ ಏಳು ಮೀಟರ್ ಅಗಲದ ದಾರಿ ಇರಬೇಕೆಂಬುದು ನಿಯಮ. ದಾರಿ ಒಂದು ಕಡೆ ಇಕ್ಕಟ್ಟಾಗಿದೆ, ವಿನಾಯಿತಿ ಕೊಡಿ ಎಂದು ವಿಲ್ಲಾ ಕಟ್ಟುವ ಕಂಪನಿ ಕೇಳಿತ್ತು. ಆಕ್ಷೇಪಣೆ ಇದ್ದವರು ಗುರುವಾರ ಹನ್ನೊಂದಕ್ಕೆ ಬಂದು ಹೇಳಬಹುದಿತ್ತು.

"ಅಲ್ಲಿ ಮಣ್ಣು ತುಂಬಿದ್ರೆ ಮಳೆನೀರೆಲ್ಲ ನನ್ನ ಮನೆಗೇ ನುಗ್ಗೋದು ಶಿವಣ್ಣಾ," ಎಂದಳು ಗದ್ದೆ ಕೆಳಗಿನ ಮನೆಯ ಅಮ್ಮಾಳು. "ಹೋದ ವರ್ಷವೇ ಕೋಳಿಗಳು ಮಂಚ ಹತ್ತಿದ್ವು."

"ನಾನಿಲ್ವಾ? ಹೆಂಗೆ ಕೊಡ್ತಾರೋ ನೋಡೇ ಬಿಡ್ತೀನಿ!" ಶಿವನಂಜಪ್ಪ ಮೀಸೆ ತಿರುವಿದ.

ಗುರುವಾರ ಬೆಳಿಗ್ಗೆ ಅಂಗಡಿ ಮುಂದೆ ಸಲಹೆಗಾರರ ಸಂತೆಯೇ ನೆರೆಯಿತು. "ಬಾಯಿಮಾತು ನಡೆಯಲ್ಲ ಚೇಟ್ಟಾ, ತೆಳಿವು ಬೇಕು, ಸಾಕ್ಷಿ! ದಾರಿ ಅಳೀರಿ," ಎಂದು ಆಟೋ ಸುಧೀಶ್ ಟೇಪು ತಂದ. ಗದ್ದೆಯ ಬಳಿ ಅಳೆದರೆ ಏಳು ಮೀಟರ್. ತಿರುವಿನಲ್ಲೂ ಏಳೇ. ಮೂರನೆಯ ಸಲ ಅಳೆಯುವಾಗ ಹುಲ್ಲು ಹೊತ್ತ ಜೀಪೊಂದು ಟೇಪನ್ನೇ ಎಳೆದುಕೊಂಡು ಹೊರಟಿತು. ಹಿಂದೆ ಓಡಿದ ಶಿವನಂಜಪ್ಪ ಟೇಪನ್ನೇನೋ ಉಳಿಸಿದ. ಪಂಚೆ ಮಾತ್ರ ಬೇಲಿಯ ಮುಳ್ಳಿಗೆ ಸಿಕ್ಕಿ ಬಾವುಟದಂತೆ ಅಲ್ಲೇ ಹಾರಾಡಿತು.

ಹೆಂಡತಿ ಚೆಲುವಮ್ಮ ಬೇರೆ ಪಂಚೆ ಎಸೆದು, "ಊರೆಲ್ಲ ಯಾಕ್ರೀ ಅಳೀತೀರಿ? ಇಕ್ಕಟ್ಟಿರೋದು ನಮ್ಮಂಗಡಿ ಮುಂದೆ. ಇಲ್ಲಿ ಹಿಡೀರಿ!" ಎಂದಳು.

ಹಿಡಿದರು. ಐದೂವರೆ! ಸುಧೀಶ್ ಟೇಪು, ಜಗಲಿ, ಅಂಗಡಿಯ ಬೋರ್ಡು ಎಲ್ಲ ಕಾಣುವಂತೆ ಫೋಟೊ ತೆಗೆದ.

ಸಭೆಯಲ್ಲಿ ಶಿವನಂಜಪ್ಪ ಆ ಫೋಟೊವನ್ನು ಮೇಜಿನ ಮೇಲೆ ಗೆಲ್ಲುವ ಇಸ್ಪೀಟೆಲೆಯಂತೆ ಬಡಿದ. "ಒಂದೂವರೆ ಮೀಟರ್ ಕಮ್ಮಿ! ಅಗಲ ಇಲ್ಲದ ಕಡೆ ವಿಲ್ಲಾ ಯಾಕೆ?" ಎಂದು ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ಗುಡುಗಿದ. ಕಂಪನಿಯ ವಕೀಲ ತನ್ನ ಕಡತ ತಿರುವಿಹಾಕತೊಡಗಿದ.

"ಸರಿ, ವಿನಾಯಿತಿ ಇಲ್ಲ," ಎಂದರು ಸೆಕ್ರೆಟರಿ. ಚಪ್ಪಾಳೆ ಬಿತ್ತು. ಅಮ್ಮಾಳು ಕಣ್ಣೊರೆಸಿಕೊಂಡಳು. ಶಿವನಂಜಪ್ಪನ ಎದೆ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿತು.

ಓವರ್‌ಸಿಯರ್ ಲತಿಕ ಮಾತ್ರ ಫೋಟೊ ಕೆಳಗಿಡಲಿಲ್ಲ. ಕಪಾಟಿನಿಂದ ಹಳೆಯ ನಕ್ಷೆ ತೆಗೆದು ಬಿಡಿಸಿದರು.

"ಸಾರ್, ನಕ್ಷೆಯಲ್ಲಿ ಈ ದಾರಿ ಉದ್ದಕ್ಕೂ ಏಳೇ ಇದೆ. ಒಂದೂವರೆ ಮೀಟರ್ ಈ ಜಗಲಿಯ ಅಡಿಯಲ್ಲಿದೆ. ಯಾರದಿದು?"

ಬೋರ್ಡು ಓದಲು ಯಾರಿಗೂ ಕನ್ನಡಕ ಬೇಕಾಗಲಿಲ್ಲ. ಜಗಲಿ ಒಡೆಸಲು ನೋಟೀಸು ಅಲ್ಲೇ ಬರೆದಾಯಿತು. "ಹಾಗಾದ್ರೆ ನಮಗೆ ವಿನಾಯಿತಿಯೇ ಬೇಡ ಸಾರ್," ಎಂದು ವಕೀಲ ನಗುತ್ತ ಅರ್ಜಿ ವಾಪಸು ಪಡೆದ.

ಶಿವನಂಜಪ್ಪ ಮೇಜಿನ ಹತ್ತಿರ ಸರಿದು ಮೆಲ್ಲಗೆ ಕೇಳಿದ: "ಮೇಡಂ, ಜಗಲಿಗೆ ಒಂದು ವಿನಾಯಿತಿ... ಅರ್ಜಿ ಯಾರಿಗೆ ಕೊಡ್ಬೇಕು?"

"ನನಗೇ ಕೊಡಿ ಚೇಟ್ಟಾ. ಆಕ್ಷೇಪಣೆ ಇದ್ದವರನ್ನ ಕರೆದು ಕೇಳ್ತೀವಿ."

ಕಂಪನಿಯ ವಕೀಲ ಅಲ್ಲೇ ಕೈ ಎತ್ತಿದ.