ಕೇಳುವ ಕೋಣೆಯ ಕಪ್ಪು ತಟ್ಟೆ

"ಮೂವತ್ತು ಕುರ್ಚಿ ಒರೆಸ್ತಿದ್ದೀನಲ್ಲ, ಯಾರು ಬಂದು ಕೂತ್ಕೋತಾರೆ ಇದರ ಮೇಲೆ?"

ಕೋಣೆಯಲ್ಲಿ ಯಾರೂ ಇರಲಿಲ್ಲ. ಗ್ರಂಥಾಲಯದ ಶ್ರವಣ ಕೊಠಡಿಯ ಗುಮಾಸ್ತ ಬಟ್ಟೆ ಜಾಡಿಸಿ ಮುಂದಿನ ಕುರ್ಚಿಗೆ ಹೋದ. ಅಜ್ಜ ದಿನಾ ಬೆಳಿಗ್ಗೆ ಹೇಳುತ್ತಿದ್ದ ಪದ್ಯ ಕೇಳುತ್ತಲೇ ಬೆಳೆದವನು ಅವನು; ಬಾಯಿಗಿಂತ ಕಿವಿಗೇ ಹೆಚ್ಚು ಕೆಲಸ ಕೊಟ್ಟವನು. ಎಲ್ಲರಿಗೂ ಅವನು ಕಿವಿಯಣ್ಣ.

ಹಿಂದಿನ ದಿನ ಮುಖ್ಯಸ್ಥೆ ಮೇಡಂ ಕರೆದು ಹೇಳಿದ್ದರು. ಮೇಡಂ ಹೇಳುವುದೆಂದರೆ ಪಿಸುಗುಟ್ಟುವುದು. ಹನ್ನೆರಡು ವರ್ಷದಲ್ಲಿ ಅವರಿಂದ ಹೊರಟ ದೊಡ್ಡ ಸದ್ದೆಂದರೆ ಒಂದು ಸೀನು. ಅದಕ್ಕೂ ಅವರು ಕ್ಷಮೆ ಕೇಳಿದ್ದರು.

"ನಾಳೆ ಸಂಜೆಯೊಳಗೆ ಹಾಜರಿ ಪುಸ್ತಕದಲ್ಲಿ ಮೂವತ್ತು ಸಹಿ ಬೇಕು. ಇಲ್ಲಾಂದ್ರೆ ಕೋಣೆ ಮುಚ್ಚಿ ಹಳೇ ಪೇಪರ್ ತುಂಬಿಸ್ತೀನಿ. ನೀವು ಪುಸ್ತಕ ಕಟ್ಟೋ ಬೈಂಡರ್ ಹತ್ರ ಗೋಂದು ಕಲಸೋಕೆ ಹೋಗಿ."

ಬರುತ್ತಿದ್ದ ಕೇಳುಗರು ನಾಲ್ವರು. ಇಬ್ಬರು ನಿದ್ದೆಗೆ ಬರುತ್ತಿದ್ದರು, ಒಬ್ಬರು ಫ್ಯಾನಿನ ಗಾಳಿಗೆ. ನಾಲ್ಕನೆಯವರಾದ ನಿವೃತ್ತ ಹೆಡ್ಮಾಸ್ತರಿಗೆ ಕಿವಿಯೇ ಕೇಳುತ್ತಿರಲಿಲ್ಲ.

ಹೊಸದೇನಾದರೂ ಹಾಕೋಣವೆಂದು ಕಿವಿಯಣ್ಣ ಅಟ್ಟ ಹತ್ತಿದ. ಮೂಲೆಯಲ್ಲೊಂದು ರಟ್ಟಿನ ಪೆಟ್ಟಿಗೆ. 'ಅದರಲ್ಲಿರೋದಕ್ಕೆ ಗೀಚು ಬಿದ್ದಿದೆ, ಮುಟ್ಟಬೇಡಿ' ಎಂದು ಮೇಡಂ ಎಂದೋ ಪಿಸುಗುಟ್ಟಿದ್ದರು. ಕುತ್ತಿಗೆಗೆ ಬಂದಾಗ ಅದೆಲ್ಲ ಯಾರಿಗೆ ನೆನಪಿರುತ್ತದೆ? ಒಳಗೆ ಒಂದೇ ಒಂದು ರೆಕಾರ್ಡು. ಹೊದಿಕೆಯ ಮೇಲೆ ಕೈಬರಹದಲ್ಲಿ 'ಮುಸ್ಸಂಜೆಯ ಕಾವ್ಯವಾಚನ' ಎಂದಿತ್ತು. ಕಿವಿಯಣ್ಣ ಅದನ್ನು ಎದೆಗವಚಿಕೊಂಡು ಇಳಿದ.

"ಕಾವ್ಯ ಅಂದ್ಮೇಲೆ ಮೆತ್ತಗಿರುತ್ತೆ ಕಣಯ್ಯಾ, ಬೀದಿಗೆ ಕೇಳ್ಬೇಡ್ವಾ?" ಎಂದು ಪಕ್ಕದ ಕೋಣೆಯಿಂದ ಬಂದ ಬೈಂಡರು ಸ್ಪೀಕರನ್ನು ಕಿಟಕಿಗೆ ಮುಖ ಮಾಡಿಟ್ಟು ಸದ್ದಿನ ಗುಂಡಿಯನ್ನು ಕೊನೆಯವರೆಗೂ ತಿರುವಿದ. ಕಿವಿಯಣ್ಣ ಕಪ್ಪು ತಟ್ಟೆಯ ಮೇಲೆ ಮುಳ್ಳು ಇಳಿಸಿ, ಕೈಕಟ್ಟಿ, ಕಣ್ಣು ಮುಚ್ಚಿದ.

ಮೊದಲು ಮೂಗಿನಿಂದ ಎಳೆದ ಒಂದು ಉದ್ದನೆಯ ಉಸಿರು. ಆಮೇಲೆ ಪಾತ್ರೆ ತುಂಬಿದ ಕಬ್ಬಿಣದ ಬೀರು ಮಹಡಿಯಿಂದ ಉರುಳಿದಂಥ ಸದ್ದು. ಉರುಳುವ ಬೀರುವಿನೊಳಗಿಂದ ಒಂದು ಗಂಟಲು, ಗಂಡೋ ಹೆಣ್ಣೋ ಹುಲಿಯೋ ತಿಳಿಯದ್ದು, ಬೊಬ್ಬಿರಿಯಿತು. ಹನ್ನೊಂದು ಸೆಕೆಂಡಿಗೆ ಎಲ್ಲವೂ ಥಟ್ಟನೆ ನಿಂತಿತು. ತಟ್ಟೆಯೊಳಗೇ ಜನರ ಕೇಕೆ, ಯಾರದೋ ಕೆಮ್ಮು. ಮತ್ತೆ ಆ ಉಸಿರು, ಮತ್ತೆ ಬೀರು.

"ಅಯ್ಯಯ್ಯೋ, ಮಿಷನ್ ಸತ್ತೋಯ್ತು!" ಬೈಂಡರು ಮೇಜಿನಡಿ ತೂರಿದ.

ಮುಳ್ಳೆತ್ತಲು ಓಡಿದ ಕಿವಿಯಣ್ಣನ ಕೈಯನ್ನು, ಆಗಷ್ಟೇ ಬಂದು ಮುಂದಿನ ಕುರ್ಚಿಯಲ್ಲಿ ಕೂತಿದ್ದ ಹೆಡ್ಮಾಸ್ತರು ಗಪ್ಪನೆ ಹಿಡಿದರು. ಅವರ ಮುಖ ಅರಳಿತ್ತು. "ಎತ್ತಬೇಡಪ್ಪಾ! ಮೂರು ವರ್ಷದಿಂದ ಬರ್ತಿದ್ದೀನಿ, ಇವತ್ತೇ ನಂಗೆ ಕೇಳಿಸ್ತಿರೋದು!"

ಅಷ್ಟರಲ್ಲಿ ಬಾಗಿಲಲ್ಲಿ ಜನ.

"ಏನ್ರೀ ಇದು, ಗ್ರಂಥಾಲಯವೋ ಜಲ್ಲಿ ಮಿಷನ್ನೋ?"

"ದೂರು ಎಲ್ಲಿ ಬರೀಬೇಕು, ಪುಸ್ತಕ ಕೊಡ್ರೀ!"

ದೂರಿನ ಪುಸ್ತಕ ಮೇಡಂ ಬೀಗ ಹಾಕಿದ ಬೀರುವಿನಲ್ಲಿತ್ತು. ಮೇಡಂ ಸಂಜೆಯವರೆಗೆ ಮೀಟಿಂಗಿನಲ್ಲಿ. ಕೈಗೆ ಸಿಕ್ಕಿದ್ದು ಹಾಜರಿ ಪುಸ್ತಕ. ಕಿವಿಯಣ್ಣ ಅದನ್ನೇ ಮುಂದೆ ಚಾಚಿದ. ಬೈದವರೆಲ್ಲ ಸಾಲಾಗಿ ನಿಂತು ಸಹಿ ಹಾಕಿದರು.

ಪಕ್ಕದ ಕಟ್ಟಡದ ಹಲ್ಲಿನ ಡಾಕ್ಟರು ಬೆರಳಿಗೆ ಪಟ್ಟಿ ಸುತ್ತಿಕೊಂಡೇ ನುಗ್ಗಿದರು. "ರೋಗಿ ಬೆಚ್ಚಿ ನನ್ನ ಬೆರಳು ಕಚ್ಚಿದ ಕಣ್ರೀ! ಇದನ್ನ ಮೊದಲು..." ಅವರ ತಲೆ ತಾನಾಗಿ ಅಲ್ಲಾಡತೊಡಗಿತು. "ಇದು ಗ್ರೈಂಡ್‌ಕೋರ್ ಅಲ್ವಾ, ಆ ಕಿರುಚೋ ರಾಕ್ ಸಂಗೀತ? ವೇದಿಕೆ ಮೇಲೆ ಹಾಡ್ತಿರುವಾಗಲೇ ಹಿಡಿದಿದ್ದು, ಹಸಿ ಹಸಿ! ಕಾಲೇಜಲ್ಲಿ ಇದಕ್ಕೋಸ್ಕರ ಸೊಂಟದ ತನಕ ಕೂದಲು ಬಿಟ್ಟಿದ್ದೆ." ಬೋಳುತಲೆ ಸವರಿಕೊಂಡು, ಸಹಿ ಹಾಕಿ, ಕುರ್ಚಿ ಎಳೆದು ಕೂತರು.

ಮಧ್ಯಾಹ್ನ ಮೂರನೆಯ ಸಲ ಹಾಕಿದಾಗ ಕಿವಿಯಣ್ಣನಿಗೂ ಏನೋ ಆಯಿತು. ಒಂದು ಹಾಡಿಗೆ ಒಂದೇ ಉಸಿರು. ಉಸಿರು ಮುಗಿದಲ್ಲಿ ಹಾಡೂ ಮುಗಿಯುತ್ತದೆ, ಒಂದಕ್ಷರ ಆಚೀಚೆಯಿಲ್ಲ. ಅಜ್ಜನೂ ಹೀಗೇ ಅಲ್ಲವೇ ಪದ್ಯ ನಿಲ್ಲಿಸುತ್ತಿದ್ದದ್ದು? ಕಿವಿಯಣ್ಣ ಮತ್ತೆ ಕೈಕಟ್ಟಿ ಕಣ್ಣು ಮುಚ್ಚಿದ.

ಸಂಜೆ ಮೇಡಂ ಬಂದರು. ಪುಸ್ತಕ ತಿರುವಿದರು. ನಲವತ್ತೊಂದು ಸಹಿ.

"ಇವರೆಲ್ಲ ಬೈದವರು ಮೇಡಂ," ಎಂದ ಕಿವಿಯಣ್ಣ. ಸುಳ್ಳು ಹೇಳಿ ಅವನಿಗೆ ರೂಢಿಯಿರಲಿಲ್ಲ.

"ಬೈದವರೂ ಕೇಳಿದವರೇ," ಮೇಡಂ ಪಿಸುಗುಟ್ಟಿದರು. "ಕೋಣೆ ಉಳೀತು. ಆದರೆ ವಾರ ವಾರ ಮೂವತ್ತು ಸಹಿ ಬೇಕು."

"ನಮ್ಮ ವಾಕಿಂಗ್ ಗುಂಪಲ್ಲಿ ಒಬ್ಬರಿಗೂ ಕಿವಿ ಕೇಳಲ್ಲ, ಎಲ್ಲರನ್ನೂ ಕರ್ಕೊಂಡು ಬರ್ತೀನಿ!" ಮೇಡಂ ಮಾತು ಕೇಳಿಸದಿದ್ದರೂ ಹೆಡ್ಮಾಸ್ತರು ಖುಷಿಯಿಂದ ಕೂಗಿ ಮೆಟ್ಟಿಲಿಳಿದರು.

ಕಿವಿಯಣ್ಣನ ಎದೆ ಹಗುರಾಯಿತು. ಗೋಂದಿನ ವಾಸನೆ ಮೈಲುಗಟ್ಟಲೆ ದೂರ ಹೋಯಿತು. ಆಗಲೇ ಮೇಡಂ ಕಣ್ಣು ಆ ತಟ್ಟೆಯ ಮೇಲೆ ಬಿತ್ತು. ಅದನ್ನು ಎರಡೂ ಅಂಗೈಯಲ್ಲಿ ಹಸುಗೂಸಿನಂತೆ ಎತ್ತಿ, ಕರವಸ್ತ್ರದಿಂದ ಧೂಳೊರೆಸಿ, ತಮ್ಮ ಚೀಲಕ್ಕಿಳಿಸಿದರು.

"ಮೇಡಂ, ಮೇಡಂ! ಗೀಚು ಬಿದ್ದಿದ್ದೇ ತಾನೇ? ಅದಿಲ್ಲದೆ ಮೂವತ್ತು ಜನರನ್ನ ಎಲ್ಲಿಂದ ತರ್ಲಿ?" ಕಿವಿಯಣ್ಣ ಚೀಲದ ಪಟ್ಟಿಯನ್ನೇ ಹಿಡಿದುಕೊಂಡ. "ದಮ್ಮಯ್ಯ, ಅದೊಂದು ಇಲ್ಲೇ ಬಿಟ್ಟೋಗಿ."

ಮೇಡಂ ಅವನನ್ನು ನೋಡಿದರು. ಮೂಗಿನಿಂದ ಒಂದು ಉದ್ದನೆಯ ಉಸಿರೆಳೆದುಕೊಂಡರು.

ಬೆಳಗಿನಿಂದ ತಟ್ಟೆಯಲ್ಲಿ ಅದನ್ನೇ ಕೇಳಿದ್ದ ಕಿವಿಗೆ ಆ ಉಸಿರಿನ ಗುರುತು ಸಿಕ್ಕಿತು. ಕೈ ಕಿವಿ ಮುಚ್ಚಲು ಮೇಲೇಳುವಷ್ಟರಲ್ಲಿ ಮೂವತ್ತು ಕುರ್ಚಿಗಳೂ ಒಟ್ಟಿಗೆ ಅದುರಿದವು.

"ಕೊಡೋಲ್ಲ!"